ಬಿಟ್ಟಿ ಸಿಕ್ಕಿದ್ದಕ್ಕೂ ಒಂದು ಹೆಸರಿದೆ

'ಬಿಟ್ಟಿ' ಎಂಬ ಮಾತನ್ನು ನಾವು ಬಹಳ ಹಗುರವಾಗಿ ಆಡುತ್ತೇವೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎಂದು ನಗುತ್ತೇವೆ. ಆದರೆ ಈ ಪದದ ಬೇರು 'ವಿಷ್ಟಿ'. ಹಿಂದೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ದುಡಿಮೆಗೆ ಆ ಹೆಸರು. ಅಂದರೆ ಬಿಟ್ಟಿ ಸಿಕ್ಕಿತು ಎನ್ನುವಾಗಲೆಲ್ಲ, ಯಾರೋ ಒಬ್ಬರು ಬೆವರು ಸುರಿಸಿದ್ದಾರೆ ಎಂಬ ಮಾತೂ ಅದರ ಹೊಟ್ಟೆಯೊಳಗೇ ಇದೆ. ನಮಗೆ ಅದು ಕೇಳಿಸುವುದಿಲ್ಲ, ಅಷ್ಟೆ.

ಈ ಪೀಠಿಕೆ ಕಂಪ್ಯೂಟರಿನ ಒಂದು ಸಣ್ಣ ಸಂಗತಿಗಾಗಿ. ಈಗ ಇಳಕಲ್ ಸೀರೆ ಮಾರುವವರು, ಕಸೂತಿ ಹಾಕಿಕೊಡುವವರು, ಮಹಿಳಾ ಸಮಾಜದವರು, ಎಲ್ಲರೂ ಜಾಲತಾಣ ಮಾಡಿಸುತ್ತಾರೆ. ಅದರಲ್ಲಿ ಚಿತ್ರಗಳದೇ ಕಾರುಬಾರು. ಪುಟ್ಟ ಚಿತ್ರದ ಮೇಲೆ ಒತ್ತಿದರೆ ಪುಟವೆಲ್ಲ ಮಬ್ಬಾಗಿ, ನಡುವೆ ಅದೇ ಚಿತ್ರ ದೊಡ್ಡದಾಗಿ ಅರಳುವುದನ್ನು ನೀವು ನೋಡಿರುತ್ತೀರಿ. ಸೆರಗಿನ ನೇಯ್ಗೆ ಎಳೆ ಎಳೆಯಾಗಿ ಕಾಣುವುದು ಆಗಲೇ. ಈ ಚಮತ್ಕಾರ ತಾನಾಗಿ ಆಗುವುದಲ್ಲ. ಪುಟದ ಹಿಂದೆ ಕುಳಿತ ಒಂದು ಸೂಚನೆಗಳ ಕಡತ ಅದನ್ನು ಮಾಡಿಸುತ್ತದೆ. ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಲೋಕೇಶ್ ಧಾಕರ್ ಎಂಬವರು 2005ರಲ್ಲಿ ಇಂಥದೊಂದು ಸ್ಕ್ರಿಪ್ಟ್ ಬರೆದು, ಲೈಟ್‌ಬಾಕ್ಸ್ ಎಂದು ಹೆಸರಿಟ್ಟು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟರು. ಅದಕ್ಕಿಂತ ಮೊದಲು ದೊಡ್ಡ ಚಿತ್ರ ನೋಡಬೇಕೆಂದರೆ ಸಾಮಾನ್ಯವಾಗಿ ಬೇರೊಂದು ಪುಟವೋ ಕಿಟಕಿಯೋ ತೆರೆದುಕೊಳ್ಳಬೇಕಿತ್ತು. ಆ ರೀತಿ ಎಷ್ಟು ಹಬ್ಬಿತೆಂದರೆ, ಬೇರೆಯವರು ಬರೆದ ಇಂಥ ಸ್ಕ್ರಿಪ್ಟುಗಳನ್ನೂ ಜನ ಲೈಟ್‌ಬಾಕ್ಸ್ ಎಂದೇ ಕರೆಯತೊಡಗಿದರು.

ಇದಕ್ಕೆ ಅವರು ಕೇಳುವುದೇನು? ಈಗ ಅದು ಎಂಐಟಿ ಲೈಸೆನ್ಸಿನಲ್ಲಿದೆ. ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಷರತ್ತು ಒಂದೇ: ಕಡತದೊಂದಿಗೆ ಇರುವ ಹಕ್ಕುಸ್ವಾಮ್ಯದ ಸಾಲನ್ನೂ ಅನುಮತಿಯ ಒಕ್ಕಣೆಯನ್ನೂ ತೆಗೆಯಬಾರದು. ಆ ಸಾಲು ಪರದೆಯ ಮೇಲೆ ಕಾಣಿಸಬೇಕೆಂದೂ ಇಲ್ಲ, ಕಡತದ ತಲೆಯಲ್ಲಿ ತೆಪ್ಪಗೆ ಕುಳಿತಿದ್ದರೆ ಸಾಕು.

ಅಷ್ಟನ್ನೂ ನಾವು ಕೊಡುವುದಿಲ್ಲ ಎಂಬುದೇ ನನ್ನ ತಕರಾರು.

ನಮ್ಮ ಮಹಿಳಾ ಸಮಾಜಕ್ಕೆ ಜಾಲತಾಣ ಮಾಡಿಕೊಟ್ಟವನೊಬ್ಬ 'ಫೋಟೋ ಗ್ಯಾಲರಿ'ಗೆಂದು ಬೇರೆಯಾಗಿ ಹಣ ಪಡೆದ. ಪಡೆಯಲಿ, ಜೋಡಿಸಿದ ಶ್ರಮಕ್ಕೆ ಕೂಲಿ ಬೇಕು. ಆದರೆ ಕಡತ ತೆರೆದು ನೋಡಿದರೆ ಬರೆದವರ ಹೆಸರಿದ್ದ ಸಾಲು ಮಾಯ! ಅಲ್ಲಿ ತನ್ನ ಹೆಸರನ್ನು ಕೂರಿಸಿದ್ದ. ಕೇಳಿದರೆ, "ಅದು ಫ್ರೀ ಮೇಡಂ, ಯಾರು ನೋಡ್ತಾರೆ?" ಎಂದ.

ಯಾರು ನೋಡುತ್ತಾರೆ! ಈ ಮಾತನ್ನು ನಾವು ಹೆಂಗಸರು ಎಲ್ಲೋ ಕೇಳಿದ್ದೇವಲ್ಲವೆ? 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ! ಆ ಐದು ಗಂಟೆಯನ್ನು ಯಾರು ನೋಡುತ್ತಾರೆ? ಸಾರು ರುಚಿಯಾದರೆ ಊಟ ಚೆನ್ನಾಗಿತ್ತು ಎನ್ನುತ್ತಾರೆ, ಊಟ ತಾನೇ ಎದ್ದು ಬಂದು ಎಲೆಯ ಮೇಲೆ ಕುಳಿತ ಹಾಗೆ. ಉಪ್ಪು ಹೆಚ್ಚಾದ ದಿನ ಮಾತ್ರ ಮಾಡಿದವಳ ಹೆಸರು ನೆನಪಾಗುತ್ತದೆ. ದುಡ್ಡು ಬೇಡದ ದುಡಿಮೆಗೆ ಯಜಮಾನಿಯೇ ಇಲ್ಲ ಎಂದು ತಿಳಿಯುವ ಬುದ್ಧಿ, ಅಡುಗೆಮನೆಯಲ್ಲಾದರೂ ಕಂಪ್ಯೂಟರಿನಲ್ಲಾದರೂ ಒಂದೇ. ಒಂದರಿಂದ ನೊಂದ ನಾವು ಇನ್ನೊಂದಕ್ಕೆ ತಲೆಯಾಡಿಸುವುದು ತರವಲ್ಲ.

ಕೆಲವರ ವಾದ ಬೇರೆ. ಹೆಸರಿನ ಸಾಲು ಇದ್ದರೆ ಪುಟ ಭಾರವಾಗುತ್ತದಂತೆ! ಕಡತಗಳನ್ನು ಹಿಂಡಿ ಹಗುರ ಮಾಡುವ ಉಪಕರಣಗಳಿರುವುದು ನಿಜ, ಅವು ಟಿಪ್ಪಣಿಗಳನ್ನು ಅಳಿಸುವುದೂ ನಿಜ. ಆದರೆ ಟಿಪ್ಪಣಿಯ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದನ್ನು ಮುಟ್ಟದೆ ಬಿಡುವ ರೂಢಿಯೂ ಅವುಗಳಲ್ಲಿದೆ. ಯಂತ್ರಕ್ಕಿರುವ ಮರ್ಯಾದೆ ಮನುಷ್ಯನಿಗೆ ಬೇಡವೆ? ಒಂದು ಸೀರೆಯ ಚಿತ್ರದ ಭಾರದ ಮುಂದೆ ಆ ಸಾಲಿನ ಭಾರ ಸಾಸಿವೆ ಕಾಳಿನಷ್ಟೂ ಇಲ್ಲ.

ಇನ್ನು ಕೆಲವರು, ಕೊಟ್ಟವರೇ ಉದಾರವಾಗಿ ಕೊಟ್ಟ ಮೇಲೆ ಹೆಸರಿನ ಆಸೆ ಯಾಕೆ ಎನ್ನುತ್ತಾರೆ. ಅಮೆರಿಕದಲ್ಲಿ ಆಟಿಕೆ ರೈಲುಗಳನ್ನು ಕಂಪ್ಯೂಟರಿನಿಂದ ಓಡಿಸುವ ತಂತ್ರಾಂಶವೊಂದನ್ನು ಹವ್ಯಾಸಿಗಳು ಸೇರಿ ಬರೆದು ಪುಕ್ಕಟೆ ಹಂಚಿದ್ದರು. ಅದರ ಕೆಲವು ಕಡತಗಳನ್ನು ಬೇರೊಬ್ಬರು ಹೆಸರು ಕಿತ್ತು ಬಳಸಿಕೊಂಡಾಗ, ಅವರಲ್ಲೊಬ್ಬರಾದ ರಾಬರ್ಟ್ ಜೇಕಬ್‌ಸನ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೆಳಗಿನ ನ್ಯಾಯಾಲಯ ಒಪ್ಪಲಿಲ್ಲ. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾತ್ರ, ದುಡ್ಡು ಕೇಳದೆ ಕೊಟ್ಟರೂ ಹಾಕಿದ ಷರತ್ತಿಗೆ ಹಕ್ಕುಸ್ವಾಮ್ಯದ ಬಲ ಉಂಟು ಎಂದಿತು. 2010ರಲ್ಲಿ ಒಂದು ಲಕ್ಷ ಡಾಲರಿಗೆ ರಾಜಿಯಾಯಿತು. ನಮ್ಮ ದೇಶದ ಕಾನೂನೂ ಹಿಂದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಬಂದ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿತು. ಅದೇ ಕಾಯಿದೆಯ 57ನೆಯ ಕಲಮು, ಕೃತಿಯ ಹಕ್ಕನ್ನೇ ಬೇರೆಯವರಿಗೆ ಬರೆದುಕೊಟ್ಟ ಮೇಲೂ ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು ಬರೆದವರಲ್ಲೇ ಉಳಿಸುತ್ತದೆ.

ಇದು ವ್ಯವಹಾರದ ದೃಷ್ಟಿಯಿಂದಲೂ ನಮಗೆ ಸಂಬಂಧಿಸಿದ್ದು. 'ಫ್ರೀ' ಎಂದು ಸಿಗುವುದೆಲ್ಲ ಒಂದೇ ಬಗೆಯದಲ್ಲ. ಫ್ಯಾನ್ಸಿಬಾಕ್ಸ್ ಎಂಬ ಇಂಥದೇ ಇನ್ನೊಂದು ಸ್ಕ್ರಿಪ್ಟಿನ ಮೂರನೆಯ ಆವೃತ್ತಿಯನ್ನು ವ್ಯಾಪಾರಕ್ಕೆ ಬಳಸುವವರು ಹಣ ಕೊಟ್ಟು ಪರವಾನಗಿ ಪಡೆಯಬೇಕಿತ್ತು. ಲೈಸೆನ್ಸು ಓದದೆ ಅಂಟಿಸಿ ಹೋದವನ ತಪ್ಪಿಗೆ ನಾಳೆ ಉತ್ತರ ಕೊಡಬೇಕಾದವಳು ಅಂಗಡಿಯ ಒಡತಿ.

ಆದ್ದರಿಂದ ಜಾಲತಾಣ ಮಾಡಿಸುವಾಗ ಬಣ್ಣ, ಬೆಲೆ ಕೇಳುವ ಹಾಗೆ ಇನ್ನೆರಡು ಪ್ರಶ್ನೆ ಕೇಳಿ: ಚಿತ್ರ ತೋರಿಸುವ ಈ ಸ್ಕ್ರಿಪ್ಟ್ ಯಾರದು? ಅವರ ಹೆಸರು ಕಡತದಲ್ಲಿದೆಯೆ? ಅಷ್ಟು ಕೇಳಲು ಕಂಪ್ಯೂಟರ್ ವಿದ್ಯೆಯೇನೂ ಬೇಕಿಲ್ಲ. ತಡವರಿಸಿದರೆ, ಹೆಸರು ಮರಳಿ ಸೇರಿಸುವವರೆಗೆ ಬಾಕಿ ಹಣ ಕೊಡಬೇಡಿ. ನಮ್ಮ ಕಸೂತಿಯ ವಿನ್ಯಾಸವನ್ನು ಯಾರೋ ಕದ್ದು ತಮ್ಮದೆಂದು ಮಾರಿದರೆ ನಮ್ಮ ಹೊಟ್ಟೆ ಉರಿಯುತ್ತದೆ. ಆ ವಿನ್ಯಾಸವನ್ನು ಲೋಕಕ್ಕೆ ತೋರಿಸುವ ಕಿಟಕಿಯನ್ನೇ ಹೆಸರು ಅಳಿಸಿ ತಂದು ನಿಲ್ಲಿಸಿಕೊಂಡರೆ, ದೂರು ಹೇಳಲು ನಮಗೆ ಯಾವ ಬಾಯಿ?