ಮಸೂರಗಳನ್ನು ಎಣಿಸುವ ಮೊದಲು

ಗುರುತ್ವ ಮಸೂರಗಳ, ಅಂದರೆ ಹಿಂದಿನಿಂದ ಬರುವ ಬೆಳಕನ್ನು ತಮ್ಮ ಗುರುತ್ವದಿಂದ ಬಾಗಿಸುವ ಗೆಲಾಕ್ಸಿಗಳ, ಮಟ್ಟಿಗೆ ಇದು ಸುಗ್ಗಿಯ ಕಾಲ. 2023ರ ಜುಲೈನಲ್ಲಿ ಬಾಹ್ಯಾಕಾಶಕ್ಕೆ ಹೋದ ಯೂರೋಪಿನ ಯೂಕ್ಲಿಡ್ ದೂರದರ್ಶಕ 2025ರ ಮಾರ್ಚ್‌ನಲ್ಲಿ ಕೊಟ್ಟ ಮೊದಲ ಕಂತಿನ ಮಾಹಿತಿಯಲ್ಲೇ ಸುಮಾರು 500 ಸಂಭಾವ್ಯ ಮಸೂರಗಳಿದ್ದವು. ಸಮೀಕ್ಷೆ ಮುಗಿಯುವ ಹೊತ್ತಿಗೆ ಒಂದು ಲಕ್ಷ ಸಿಗಬಹುದೆಂಬ ನಿರೀಕ್ಷೆಯಿದೆ. ಇಷ್ಟೊಂದು ಕೈಗೆ ಬಂದ ಮೇಲೆ ವಿಶ್ವ ಎಷ್ಟು ವೇಗದಲ್ಲಿ ಹಿಗ್ಗುತ್ತಿದೆ ಎಂಬ ವಿವಾದ ತಾನಾಗಿ ತೀರುತ್ತದೆ ಎಂಬ ಭರವಸೆ ಹಲವರಲ್ಲಿದೆ. ಮಸೂರಗಳನ್ನು ಹುಡುಕುವ ಶ್ರಮದ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಸಂಖ್ಯೆಯ ಮೇಲಿನ ಈ ಭರವಸೆಯನ್ನು ಒಪ್ಪಲು ಮನಸ್ಸು ಬಾರದು.

ಇಂಥ ಮಸೂರಗಳಲ್ಲಿ ಹೆಚ್ಚಿನವು ಅಂಡಾಕಾರದ ದೊಡ್ಡ ಗೆಲಾಕ್ಸಿಗಳು. ಸುರುಳಿ ತೋಳುಗಳಿಲ್ಲದ, ಹಳೆಯ ನಕ್ಷತ್ರಗಳಿಂದ ತುಂಬಿದ, ನೋಡಲು ತೀರ ಸಾದಾ ಗೆಲಾಕ್ಸಿಗಳು. ಬಹುಶಃ ಆ ಸಾದಾತನದಿಂದಲೇ ಅವುಗಳ ಕಡೆ ಯಾರ ಗಮನವೂ ನಿಲ್ಲುವುದಿಲ್ಲ. ಹಿಂದಿನಿಂದ ಬರುವ ಬೆಳಕು ಬಾಗಿ ಮೂಡಿಸುವ ಉಂಗುರವೇ ಎಲ್ಲರ ಕಣ್ಣು ಸೆಳೆಯುತ್ತದೆ. 1979ರಲ್ಲಿ ವಾಲ್ಶ್, ಕಾರ್ಸ್‌ವೆಲ್ ಮತ್ತು ವೇಮನ್ ಅವರು ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಕಂಡುಹಿಡಿದ ಮೊದಲ ಮಸೂರದಲ್ಲೂ ಹಾಗೇ ಆಯಿತು. ಆರು ಆರ್ಕ್ ಸೆಕೆಂಡ್ ಅಂತರದಲ್ಲಿದ್ದ ಅವಳಿ ಕ್ವೇಸಾರ್ ಬಿಂಬಗಳು ಲೋಕಪ್ರಸಿದ್ಧವಾದವು. ಅವನ್ನು ಮೂಡಿಸಿದ ಗೆಲಾಕ್ಸಿಗೆ ದಕ್ಕಿದ ಹೆಸರು ಬರೀ ಜಿ1.

ನಾರ್ವೆಯ ರೆಫ್ಸ್‌ಡಾಲ್ 1964ರಲ್ಲೇ ಒಂದು ಸೊಗಸಾದ ದಾರಿ ತೋರಿಸಿದ್ದರು. ಎರಡು ಬಿಂಬಗಳ ಬೆಳಕು ಬೇರೆ ಬೇರೆ ಹಾದಿಯಲ್ಲಿ ಬರುತ್ತದೆ. ಆದ್ದರಿಂದ ಕ್ವೇಸಾರ್ ಮಿನುಗಿದರೆ ಒಂದು ಬಿಂಬ ಮೊದಲು ಮಿನುಗುತ್ತದೆ, ಇನ್ನೊಂದು ತಡವಾಗಿ. ಅವಳಿ ಕ್ವೇಸಾರ್‌ನಲ್ಲಿ ಆ ತಡ ಸುಮಾರು 417 ದಿನ. ಮಸೂರದಲ್ಲಿ ದ್ರವ್ಯ ಹೇಗೆ ಹಂಚಿಕೊಂಡಿದೆ ಎಂದು ಗೊತ್ತಿದ್ದರೆ ಈ ತಡದಿಂದ ಹಬಲ್ ಸ್ಥಿರಾಂಕವನ್ನು, ಅಂದರೆ ವಿಶ್ವ ಹಿಗ್ಗುವ ವೇಗವನ್ನು, ಲೆಕ್ಕ ಹಾಕಬಹುದು.

ತೊಡಕೆಲ್ಲ ಆ 'ಗೊತ್ತಿದ್ದರೆ' ಎಂಬಲ್ಲಿದೆ. ಉಂಗುರದೊಳಗಿನ ಒಟ್ಟು ದ್ರವ್ಯರಾಶಿಯನ್ನು ಮಸೂರ ಬಹಳ ನಿಖರವಾಗಿ ಹೇಳುತ್ತದೆ, ನಿಜ. ಆದರೆ ಇಡೀ ಹಲಸಿನ ಹಣ್ಣನ್ನು ತಕ್ಕಡಿಗೆ ಹಾಕಿದರೆ ತೂಕವಷ್ಟೇ ಸಿಗುತ್ತದೆ; ತೊಳೆ ಎಷ್ಟು, ಸಿಪ್ಪೆ ಎಷ್ಟು ಎಂದು ತಕ್ಕಡಿ ಹೇಳುವುದಿಲ್ಲ. 1985ರಲ್ಲಿ ಫಾಲ್ಕೊ, ಗೊರೆನ್‌ಸ್ಟೈನ್ ಮತ್ತು ಶಪಿರೊ ಇದನ್ನು ಗಣಿತದಲ್ಲೇ ತೋರಿಸಿದರು. ಗೆಲಾಕ್ಸಿಯ ದ್ರವ್ಯವನ್ನು ಸ್ವಲ್ಪ ತಗ್ಗಿಸಿ, ಆ ಜಾಗದಲ್ಲಿ ಸಮನಾದ ಒಂದು ಹಾಳೆಯಂತೆ ದ್ರವ್ಯ ಹರಡಿದೆ ಎಂದುಕೊಂಡರೂ ಬಿಂಬಗಳು ಇದ್ದಲ್ಲೇ ಇರುತ್ತವೆ, ಅವುಗಳ ಪ್ರಕಾಶದ ಅನುಪಾತವೂ ಕದಲುವುದಿಲ್ಲ. ತಡದ ಲೆಕ್ಕ ಮಾತ್ರ ಬದಲಾಗುತ್ತದೆ, ಅದರೊಂದಿಗೆ ಹಬಲ್ ಸ್ಥಿರಾಂಕವೂ. ಎಷ್ಟೇ ಸ್ಪಷ್ಟವಾದ ಚಿತ್ರ ತೆಗೆದರೂ ಈ ಗೊಂದಲ ಬಿಡಿಸಲಾಗದು.

ಬಿಡಿಸಬಲ್ಲವು ಆ ಗೆಲಾಕ್ಸಿಯೊಳಗಿನ ನಕ್ಷತ್ರಗಳು. ಅವು ಸೆಕೆಂಡಿಗೆ 200-300 ಕಿಲೋಮೀಟರ್ ವೇಗದಲ್ಲಿ ದಿಕ್ಕಾಪಾಲಾಗಿ ಓಡುತ್ತಿರುತ್ತವೆ. ಅದರಿಂದ ಗೆಲಾಕ್ಸಿಯ ರೋಹಿತದ ಕಪ್ಪು ಗೆರೆಗಳು ಅಗಲವಾಗುತ್ತವೆ. ಈ ಅಗಲವನ್ನು ನಮಗೆ ಪರಿಚಿತವಾದ ನಕ್ಷತ್ರಗಳ ರೋಹಿತದೊಂದಿಗೆ ಹೋಲಿಸಿ ವೇಗದ ಹರವನ್ನು ಅಳೆಯುತ್ತಾರೆ. ಇಲ್ಲಿಯ ಒಂದು ಲೆಕ್ಕವನ್ನು ಓದುಗರು ದಯವಿಟ್ಟು ಗಮನಿಸಬೇಕು. ಹಬಲ್ ಸ್ಥಿರಾಂಕಕ್ಕೆ ಬೇಕಾದ ತಿದ್ದುಪಡಿ ಈ ವೇಗದ ವರ್ಗಕ್ಕೆ ಅನುಗುಣವಾಗಿದೆ. ವೇಗದಲ್ಲಿ ನೂರಕ್ಕೆ 4ರಷ್ಟು ತಪ್ಪಿದರೆ ಉತ್ತರ ನೂರಕ್ಕೆ 8ರಷ್ಟು ತಪ್ಪುತ್ತದೆ. ಈ ಸ್ಥಿರಾಂಕಕ್ಕೆ ಪ್ಲಾಂಕ್ ಉಪಗ್ರಹ ಹೇಳುವ 67.4ಕ್ಕೂ, ಸೆಫೀಡ್ ನಕ್ಷತ್ರ ಮತ್ತು ಸೂಪರ್‌ನೋವಾಗಳು ಹೇಳುವ ಸುಮಾರು 73ಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ! ಜಗತ್ತಿನ ಖಗೋಳಜ್ಞರು ಹತ್ತು ವರ್ಷದಿಂದ ಚರ್ಚಿಸುತ್ತಿರುವ ಬಿಕ್ಕಟ್ಟು ರೋಹಿತದ ಗೆರೆಯ ಅಗಲದಲ್ಲಾಗುವ ಸಣ್ಣ ತಪ್ಪಿನೊಳಗೆ ಅಡಗಿ ಕೂರಬಲ್ಲದು. ಹೋಲಿಕೆಗೆ ಆರಿಸಿಕೊಂಡ ನಕ್ಷತ್ರಗಳೇ ಸರಿಯಿಲ್ಲದಿದ್ದರೆ ಆ ತಪ್ಪು ಎಲ್ಲ ಗೆಲಾಕ್ಸಿಗಳಲ್ಲೂ ಒಂದೇ ಕಡೆಗೆ ವಾಲುತ್ತದೆ. ಆಗ ಒಂದು ಲಕ್ಷ ಮಸೂರಗಳ ಸರಾಸರಿಯೂ ಅದನ್ನು ಕಳೆಯಲಾರದು, ಬದಲಿಗೆ ತಪ್ಪನ್ನೇ ಇನ್ನಷ್ಟು ಆತ್ಮವಿಶ್ವಾಸದಿಂದ ಹೇಳುತ್ತದೆ.

ತೊಡಕು ಅಲ್ಲಿಗೇ ನಿಲ್ಲುವುದಿಲ್ಲ. ನಕ್ಷತ್ರಗಳು ಕೇಂದ್ರದ ಕಡೆಗೆ ಹೋಗಿಬರುತ್ತಿವೆಯೋ, ಸುತ್ತ ತಿರುಗುತ್ತಿವೆಯೋ ಎಂಬುದರ ಮೇಲೂ ಅಳತೆ ಬದಲಾಗುತ್ತದೆ. ದುಂಡಗೆ ಕಾಣುವ ಗೆಲಾಕ್ಸಿ ನಮ್ಮತ್ತ ತುದಿ ತೋರಿಸಿ ನಿಂತ ನೀಳ ಗೆಲಾಕ್ಸಿಯೂ ಆಗಿರಬಹುದು. ಅಂಚಿನ ಮಸುಕು ಬೆಳಕು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂಬ ತೀರ್ಮಾನವೂ ಗೆಲಾಕ್ಸಿಯ ಗಾತ್ರವನ್ನು ಬದಲಿಸುತ್ತದೆ.

2020ರಲ್ಲಿ, ಈ ತಡದ ವಿಧಾನವನ್ನೇ ಬಳಸುವ ಹೋಲಿಕೌ ಎಂಬ ತಂಡ ಆರು ಮಸೂರಗಳಿಂದ ಹಬಲ್ ಸ್ಥಿರಾಂಕಕ್ಕೆ 73.3 ಎಂಬ ಉತ್ತರ ಪಡೆಯಿತು. ಅನಿಶ್ಚಿತತೆ ನೂರಕ್ಕೆ 2.4 ಮಾತ್ರ. ದ್ರವ್ಯದ ಹಂಚಿಕೆಗೆ ಅವರು ಕೆಲವು ಸರಳ ಸೂತ್ರಗಳನ್ನು ಇಟ್ಟುಕೊಂಡಿದ್ದರು. ಆ ಸೂತ್ರಗಳು ಮನಸ್ಸಿಗೆ ಬಂದಂತೆ ಆರಿಸಿದವಲ್ಲ, ಹತ್ತಿರದ ಗೆಲಾಕ್ಸಿಗಳ ಅಧ್ಯಯನ ಅವಕ್ಕೆ ಬೆಂಬಲವಾಗಿತ್ತು. ಅದೇ ವರ್ಷ, ಅವರಲ್ಲೇ ಹಲವರಿದ್ದ ಟಿಡಿಕಾಸ್ಮೊ ತಂಡ ಸೂತ್ರವನ್ನು ಸಡಿಲಿಸಿ, ನಕ್ಷತ್ರಗಳ ವೇಗವನ್ನೇ ಆಧಾರವಾಗಿಟ್ಟುಕೊಂಡಿತು. ಏಳು ಮಸೂರಗಳಿಂದ ಬಂದ ಉತ್ತರ 74.5, ಅನಿಶ್ಚಿತತೆ ನೂರಕ್ಕೆ 8. ಸ್ಲ್ಯಾಕ್ಸ್ ಎಂಬ ಮಸೂರ ಸಮೀಕ್ಷೆಯ 33 ಗೆಲಾಕ್ಸಿಗಳನ್ನು ಜೊತೆಗೆ ಸೇರಿಸಿಕೊಂಡಾಗ ಉತ್ತರ 67.4ಕ್ಕೆ ಇಳಿಯಿತು. ಇದು ಹಿನ್ನಡೆಯಂತೆ ಕಾಣಬಹುದು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇತ್ತೀಚೆಗೆ ನಡೆದ ಅತ್ಯಂತ ಪ್ರಾಮಾಣಿಕ ಕೆಲಸ ಇದು. ತಮ್ಮದೇ ನಿಖರತೆಯನ್ನು ಬಿಟ್ಟುಕೊಟ್ಟು, ಯಾವುದು ಅಳತೆ, ಯಾವುದು ಊಹೆ ಎಂದು ಅವರು ಬೇರ್ಪಡಿಸಿ ತೋರಿಸಿದರು.

ರೋಹಿತ ತೆಗೆಯಲು ದೊಡ್ಡ ದೂರದರ್ಶಕದ ಹಲವು ಗಂಟೆ ಬೇಕು, ಒಂದು ಲಕ್ಷ ಗೆಲಾಕ್ಸಿಗಳಿಗೆ ಅಷ್ಟು ಸಮಯ ಯಾರಲ್ಲಿದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಲ್ಲಕ್ಕೂ ಬೇಕಾಗಿಲ್ಲ. ಸುಮಾರು 45 ಕೋಟಿ ಜ್ಯೋತಿರ್ವರ್ಷ ದೂರದ ಇಎಸ್‌ಒ 325-ಜಿ004 ಎಂಬ ಒಂದೇ ಅಂಡಾಕಾರದ ಗೆಲಾಕ್ಸಿಯನ್ನು ನೋಡಿ. ಚಿಲಿಯ ವಿಎಲ್‌ಟಿ ದೂರದರ್ಶಕದ ಮ್ಯೂಸ್ ಉಪಕರಣದಿಂದ ಅದರ ನಕ್ಷತ್ರಗಳ ವೇಗವನ್ನು ಜಾಗ ಜಾಗಕ್ಕೂ ಅಳೆದು, ಹಬಲ್ ದೂರದರ್ಶಕ ಕಂಡ ಉಂಗುರದೊಂದಿಗೆ ಹೋಲಿಸಿದ ಕೊಲೆಟ್ ಮತ್ತು ಸಂಗಡಿಗರು 2018ರಲ್ಲಿ ಐನ್‌ಸ್ಟೈನ್ ಸಿದ್ಧಾಂತವನ್ನೇ ಗೆಲಾಕ್ಸಿಯ ಅಳತೆಯಲ್ಲಿ ಪರೀಕ್ಷಿಸಿದರು. ಸಿದ್ಧಾಂತದ ಪ್ರಕಾರ 1 ಬರಬೇಕಾದ ಸಂಖ್ಯೆ 0.97 ಬಂತು, ಅನಿಶ್ಚಿತತೆ 0.09. ಹವಾಯಿಯ ಕೆಕ್ ದೂರದರ್ಶಕದಿಂದ ಆರ್‌ಎಕ್ಸ್‌ಜೆ1131 ಎಂಬ ಮಸೂರಕ್ಕೂ ಇಂಥದೇ ವೇಗದ ನಕ್ಷೆ ಸಿದ್ಧವಾಗಿದ್ದು, ಆ ಒಂದೇ ಗೆಲಾಕ್ಸಿ 2023ರಲ್ಲಿ ಹಬಲ್ ಸ್ಥಿರಾಂಕವನ್ನು ನೂರಕ್ಕೆ 9-10ರ ಅನಿಶ್ಚಿತತೆಯಲ್ಲಿ ಕೊಟ್ಟಿತು, ಅದೂ ಹಳೆಯ ಸೂತ್ರದ ಹಂಗಿಲ್ಲದೆ. ಹೀಗೆ ಒಳಹೊಕ್ಕು ಅಳೆದ 40-50 ಗೆಲಾಕ್ಸಿಗಳು ಸಿಗುವುದಾದರೆ, ಯೂಕ್ಲಿಡ್‌ನ ಹೊಸ ಮಸೂರಗಳ ಪಟ್ಟಿಗಾಗಿ ಇನ್ನೂ ಕೆಲವು ವರ್ಷ ಕಾಯಲು ನಾನು ಸಂತೋಷದಿಂದ ಸಿದ್ಧ.