ಗುಂಡು ಹಗುರವಾದರೆ ಹೊಣೆ ಹಗುರವಾಗದು

ನಾರಾಯಣಪೇಟೆಯ ಕಡೆಗೆ ಹೋಗಿ ಬಂದ ನಮ್ಮ ಮಿತ್ರರೊಬ್ಬರು ಮಕ್ತಲ್ ಬಳಿಯ ಕನ್ನಡ ರೈತರೊಬ್ಬರು ತಮ್ಮಲ್ಲಿ ಕೇಳಿದ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದ್ದಾರೆ. "ನಿಮ್ಮ ಕೇರಳದಾಗ ಹಂದಿ ಹೊಡಿಯಾಕ ಪಂಚಾಯ್ತಿಯವರೇ ಅಪ್ಪಣೆ ಕೊಡ್ತಾರಂತಲ್ರಿ. ನನ್ನ ಹತ್ರ ಲೈಸೆನ್ಸಿನ ರಿವಾಲ್ವರ್ ಐತಿ. ಭಾರದ ಗುಂಡು ಹಾಕಿದ್ರ ಹಂದಿ ಬೀಳ್ತದೇನ್ರಿ? ಜಿಂಕಿ?" ಎಂಬುದೇ ಆ ಪ್ರಶ್ನೆ.

ಇದನ್ನು ಎಲ್ಲೋ ದೂರದವರ ಮಾತೆಂದು ತಳ್ಳಿಹಾಕಲು ನಮಗೆ ಮನಸ್ಸಾಗದು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳದ ಪಾಲಾದ ದಿನವೇ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯನ್ನು ಸೇರಿದವು. ನಾರಾಯಣಪೇಟೆ, ಮಕ್ತಲ್‌ಗಳೂ ಆ ಜಿಲ್ಲೆಯ ಜೊತೆಯಲ್ಲೇ ಆಂಧ್ರಕ್ಕೆ ಹೋದವು. ನಾರಾಯಣಪೇಟೆ 2019ರಲ್ಲಿ ತೆಲಂಗಾಣದ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿನ ಕನ್ನಡಿಗನ ಹೊಲಕ್ಕೆ ಪ್ರಾಣಿ ನುಗ್ಗುತ್ತದೆ, ಅದರ ಕುರಿತ ಸರಕಾರಿ ಆಜ್ಞೆ ಅವನದಲ್ಲದ ಭಾಷೆಯಲ್ಲಿ ಬರುತ್ತದೆ. ನಮ್ಮ ಪಾಡೂ ಅದೇ ಅಲ್ಲವೇ? ಆದುದರಿಂದ ಆ ರೈತರ ಪ್ರಶ್ನೆಗೆ ಉತ್ತರ ಹುಡುಕುವುದೆಂದರೆ ನಮ್ಮ ಪ್ರಶ್ನೆಗೂ ಉತ್ತರ ಹುಡುಕಿದಂತೆ.

ಮೊದಲು ರಿವಾಲ್ವರಿನ ಮಾತು. ಕೈಕೋವಿಯಿಂದ ದೊಡ್ಡ ಪ್ರಾಣಿಯನ್ನು ಬೇಟೆಯಾಡುವ ರೂಢಿ ಅಮೆರಿಕದ್ದು. ಅಲ್ಲಿ 1935ರಲ್ಲಿ .357 ಮ್ಯಾಗ್ನಂ, 1956ರ ಸುಮಾರಿಗೆ .44 ಮ್ಯಾಗ್ನಂ ಬಳಕೆಗೆ ಬಂದವು. ಐಡಾಹೊ ಪ್ರಾಂತದ ಪಶುಪಾಲಕರೂ ಬರಹಗಾರರೂ ಆಗಿದ್ದ ಎಲ್ಮರ್ ಕೀತ್ ಅವರು ಭಾರವಾದ ಗುಂಡೇ ಬೇಕೆಂದು ವರ್ಷಾನುಗಟ್ಟಲೆ ವಾದಿಸಿದವರು. ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಹಗುರವಾದ, ಮೆತ್ತನೆಯ ಗುಂಡು ಭುಜದ ಎಲುಬಿಗೆ ತಾಗಿದಾಗ ಚಪ್ಪಟೆಯಾಗಿ ಅಲ್ಲೇ ನಿಲ್ಲಬಹುದು. ಭಾರವಾದ ಗಟ್ಟಿ ಗುಂಡು ನೇರವಾಗಿ ಒಳಹೊಕ್ಕು ಹೃದಯವನ್ನೋ ಶ್ವಾಸಕೋಶವನ್ನೋ ತಲುಪುತ್ತದೆ. ಪ್ರಾಣಿ ನರಳದೆ ಬೀಳಬೇಕಾದರೆ ಅದೇ ಬೇಕು.

ಈಗ ಲೆಕ್ಕ ನೋಡೋಣ. .44 ಮ್ಯಾಗ್ನಂನ ಸಾಮಾನ್ಯ ಗುಂಡು 240 ಗ್ರೇನ್, ಅಂದರೆ ಸುಮಾರು ಹದಿನೈದೂವರೆ ಗ್ರಾಂ ತೂಗುತ್ತದೆ. ಬೇಟೆಗೆಂದೇ 300 ಗ್ರೇನಿನ ಗುಂಡುಗಳೂ ಇವೆ. ನಮ್ಮ ದೇಶದಲ್ಲಿ ಆತ್ಮರಕ್ಷಣೆಗಾಗಿ ಸಾಮಾನ್ಯರ ಕೈಗೆ ಸಿಗುವುದು ಕಾನ್ಪುರದಲ್ಲಿ ತಯಾರಾಗುವ .32 ಬೋರಿನ ರಿವಾಲ್ವರ್. ಅದರ ಗುಂಡಿನ ತೂಕ ನೂರು ಗ್ರೇನಿನ ಆಸುಪಾಸು, ಆರೂವರೆ ಗ್ರಾಂಗೆ ಮೀರದು. ವೇಗವೂ ಅರ್ಧದಷ್ಟೇ. ಎರಡರ ಹೊಡೆತದ ಬಲವನ್ನು ಹೋಲಿಸಿದರೆ ಎಂಟೊಂಬತ್ತು ಪಟ್ಟು ಅಂತರ ಕಾಣುತ್ತದೆ. ಭುಜದ ಮೇಲೆ ಗುರಾಣಿಯಂತೆ ದಪ್ಪ ತೊಗಲು ಬೆಳೆಸಿಕೊಂಡ ಗಂಡು ಹಂದಿಗೆ ಈ ಗುಂಡು ಗಾಯ ಮಾಡೀತು, ಅಷ್ಟೇ. ಭಾರದ ಗುಂಡನ್ನು ಹೇಗಾದರೂ ಇದಕ್ಕೇ ಹೊಂದಿಸಿಕೊಳ್ಳುವ ಯೋಚನೆಯಂತೂ ಬೇಡವೇ ಬೇಡ. ಮಿತಿಮೀರಿದ ಒತ್ತಡಕ್ಕೆ ರಿವಾಲ್ವರ್ ಕೈಯಲ್ಲೇ ಸಿಡಿದರೆ ಬೀಳುವುದು ಹಂದಿಯಲ್ಲ. ಮೇಲಾಗಿ ಲೈಸೆನ್ಸಿನಲ್ಲಿ ಆಯುಧದ ಉದ್ದೇಶ ಬರೆದಿರುತ್ತದೆ. ಆತ್ಮರಕ್ಷಣೆಗೆ ಕೊಟ್ಟದ್ದು ಬೇಟೆಗೆ ಕೊಟ್ಟದ್ದಾಗದು.

ಗುಂಡಿನ ತೂಕದಷ್ಟೇ ಮುಖ್ಯವಾದುದು ಗುರಿ. ಅಮೆರಿಕದ ವಿವೇಕಿ ಬೇಟೆಗಾರ ಹೊಸ ರಿವಾಲ್ವರನ್ನು ನೇರವಾಗಿ ಕಾಡಿಗೆ ಒಯ್ಯುವುದಿಲ್ಲ. ಮೇಜಿನ ಮೇಲೆ ಮರಳಚೀಲವಿಟ್ಟು, ಅದರ ಆಧಾರದಲ್ಲಿ ಕಾಗದದ ಗುರಿಗೆ ಹಲವು ಬಗೆಯ ಗುಂಡುಗಳನ್ನು ಹೊಡೆದು ಪರೀಕ್ಷಿಸುತ್ತಾನೆ. ತಿರುಗುವ ಚಕ್ರದ ಪ್ರತಿ ಕುಳಿಯೂ ನಳಿಗೆಗೆ ಸರಿಯಾಗಿ ಕೂಡುತ್ತದೆಯೇ, ಯಾವ ಗುಂಡು ಆ ನಳಿಗೆಗೆ ಒಗ್ಗುತ್ತದೆ, ಎಷ್ಟು ಗಜದವರೆಗೆ ಎಲ್ಲ ಗುಂಡುಗಳೂ ಒಂದು ಅಂಗೈಯಗಲದೊಳಗೆ ಬೀಳುತ್ತವೆ ಎಂದು ತಿಳಿದುಕೊಳ್ಳುತ್ತಾನೆ. ಆ ದೂರದಿಂದಾಚೆ ಪ್ರಾಣಿ ಎದುರಿಗೇ ನಿಂತಿದ್ದರೂ ಕೋವಿ ಎತ್ತುವುದಿಲ್ಲ. ಅವರ ಬೇಟೆ ನಮಗೆ ಬೇಡ. ಆದರೆ ಈ ಶಿಸ್ತು ಮಾತ್ರ ನಮಗೆ ಬೇಕೇ ಬೇಕು.

ಏಕೆಂದರೆ ನಮ್ಮಲ್ಲಿ ಈಗ ಕೋವಿಗೆ ಕೆಲಸ ಬಂದಿದೆ. ಎಣ್ಮಕಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿಯಂಥ ಪಂಚಾಯತುಗಳಲ್ಲಿ ಬಾಳೆ, ಮರಗೆಣಸು, ಎಳೆಯ ಅಡಿಕೆ ಸಸಿ ನೆಟ್ಟವರಿಗೆ ಕಾಡುಹಂದಿಯ ಹಾವಳಿ ಏನೆಂದು ಹೇಳಿಕೊಡಬೇಕಾಗಿಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ಪಾಲಕರ ಸ್ಥಾನ ಕೊಟ್ಟು, ಹಾವಳಿಯಿಡುವ ಹಂದಿಯನ್ನು ಲೈಸೆನ್ಸಿರುವವರಿಂದ ಹೊಡೆಸಲು ಅಪ್ಪಣೆ ನೀಡುವ ಅಧಿಕಾರ ವಹಿಸಲು ನಿರ್ಧರಿಸಿತು. ವಿಷ, ಸ್ಫೋಟಕ, ವಿದ್ಯುತ್ ತಂತಿ ಕೂಡದೆಂಬ ಷರತ್ತನ್ನೂ ವಿಧಿಸಿತು. ಕ್ರಮ ಸರಿಯಾದುದೇ. ಆದರೆ ಅಪ್ಪಣೆಯ ಕಾಗದ ಕೊಟ್ಟಲ್ಲಿಗೆ ಹೊಣೆ ಮುಗಿಯಿತೇ?

ಹಂದಿಗೆ ಯೋಗ್ಯವಾದುದು ಹನ್ನೆರಡು ಬೋರಿನ ತೋಟೆ ಕೋವಿ. ಅದರ ಒಂಟಿ ಗುಂಡು ಸುಮಾರು ಒಂದು ಔನ್ಸ್, ಅಂದರೆ 28 ಗ್ರಾಂ ತೂಗುತ್ತದೆ. ಅದೇ ಕೋವಿಗೆ ಹಕ್ಕಿ ಹೊಡೆಯುವ ಸಣ್ಣ ಚರೆಯ ತೋಟೆ ತುಂಬಿ ಹಂದಿಗೆ ಹಾರಿಸಿದರೆ ಅದು ಗಾಯಗೊಂಡು ಪೊದೆ ಸೇರುತ್ತದೆ. ಮರುದಿನ ಬೆಳಗ್ಗೆ ಹುಲ್ಲು ಕೊಯ್ಯಲು ಹೋದ ತಾಯಿ, ಶಾಲೆಗೆ ಹೊರಟ ಮಗು ಆ ಗಾಯಗೊಂಡ ಹಂದಿಗೆ ಎದುರಾಗುತ್ತಾರೆ. ತಪ್ಪು ಗುಂಡು ಆರಿಸಿದವನು ಆಗ ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಕತ್ತಲಲ್ಲಿ ಪೊದೆ ಅಲ್ಲಾಡಿತೆಂದು ಹಾರಿಸುವುದಂತೂ ಮನುಷ್ಯಹತ್ಯೆಗೆ ದಾರಿ. ಗುಂಡಿನ ಹಿಂದೆ ಏನಿದೆ, ಯಾರ ಮನೆಯಿದೆ ಎಂದು ನೋಡದೆ ಕುದುರೆ ಎಳೆಯುವವನ ಕೈಯಲ್ಲಿ ಯಾವ ಕೋವಿಯೂ ಇರಕೂಡದು.

ಆದುದರಿಂದ ನಮ್ಮ ಬೇಡಿಕೆಗಳು ಸರಳ. ಹಂದಿ ಹೊಡೆಯಲು ಒಪ್ಪಿದವರನ್ನು ವರ್ಷಕ್ಕೊಮ್ಮೆಯಾದರೂ ಕರೆದು ಗುರಿ ಪರೀಕ್ಷೆ ನಡೆಸಬೇಕು. ತಕ್ಕ ತೋಟೆಯ ವೆಚ್ಚವನ್ನೂ ಅವರ ಸಂಭಾವನೆಯನ್ನೂ ಕಾಯಿಸದೆ ಕೊಡಬೇಕು. ಗಾಯಗೊಂಡ ಪ್ರಾಣಿಯನ್ನು ಹುಡುಕಿ ಮುಗಿಸುವ ಹೊಣೆ ಯಾರದೆಂದು ಅಪ್ಪಣೆಯಲ್ಲೇ ಬರೆಯಬೇಕು. ಚುನಾವಣೆಗೆ ಕೋವಿಗಳನ್ನು ಠಾಣೆಯಲ್ಲಿ ಇರಿಸಿಕೊಳ್ಳುವಾಗ ಬೆಳೆ ಕಾಯಲು ಬದಲಿ ಏರ್ಪಾಡು ಮಾಡಬೇಕು. ಇವೆಲ್ಲಕ್ಕಿಂತ ಮೊದಲು, ಷರತ್ತುಗಳೂ ಅರ್ಜಿಯ ನಮೂನೆಯೂ ನಮ್ಮ ಪಂಚಾಯತುಗಳಲ್ಲಿ ಕನ್ನಡದಲ್ಲಿ ದೊರೆಯಬೇಕು. ಓದಲಾಗದ ಷರತ್ತನ್ನು ಮುರಿದನೆಂದು ರೈತನ ಮೇಲೆ ಮೊಕದ್ದಮೆ ಹೂಡುವುದು ಯಾವ ನ್ಯಾಯ? ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ನಷ್ಟಪರಿಹಾರದ ಮನವಿಯನ್ನು ಕನ್ನಡದಲ್ಲೇ ಬರೆಯಿರಿ. ರಶೀದಿ ಪಡೆಯದೆ ಹಿಂತಿರುಗಬೇಡಿ.

ಇನ್ನು ಜಿಂಕೆಯ ಮಾತು. ಮಕ್ತಲ್, ಮಾಗನೂರು, ಕೃಷ್ಣಾ ಭಾಗದ ಹೊಲಗಳಲ್ಲಿ ಎಳೆಯ ಹತ್ತಿ, ತೊಗರಿಯನ್ನು ಮೇಯುವುದು ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಚ್ಛೇದದಲ್ಲಿ ಅದರ ಹೆಸರಿದೆ. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ. ಇಲ್ಲಿ ಗುಂಡಿನ ತೂಕದ ಪ್ರಶ್ನೆಯೇ ಏಳದು. ಹಾಗೆಂದು ರೈತ ಕೈಕಟ್ಟಿ ಕೂರಬೇಕೆಂದೂ ಅಲ್ಲ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರದಲ್ಲಿ ಹೆಲಿಕಾಪ್ಟರಿನಿಂದ ಕೃಷ್ಣಮೃಗಗಳನ್ನು ಲಾಳಿಕೆಯಾಕಾರದ ಆವರಣದೊಳಕ್ಕೆ ಮೆಲ್ಲನೆ ಅಟ್ಟಿ, ನೂರಾರನ್ನು ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದರು. ಅಲ್ಲಿ ಆದುದು ಕೃಷ್ಣಾ ತೀರದಲ್ಲಿ ಏಕಾಗದು? ಅಲ್ಲಿಯವರೆಗೆ ಬೇಲಿಗೆ ನೆರವನ್ನೂ ನಷ್ಟಕ್ಕೆ ಹಣವನ್ನೂ ಕೇಳುವುದು ರೈತನ ಹಕ್ಕು.

ಮಕ್ತಲಿನ ಆ ರೈತಬಾಂಧವರಿಗೆ ನಮ್ಮ ಉತ್ತರವಿಷ್ಟೆ. ಸ್ವಾಮಿ, ರಿವಾಲ್ವರನ್ನು ಪೆಟ್ಟಿಗೆಯಲ್ಲೇ ಇಡಿ. ಹಂದಿಗೆ ಅಧಿಕೃತ ಅಪ್ಪಣೆಯೂ ತಕ್ಕ ಕೋವಿಯೂ ಪಳಗಿದ ಕೈಯೂ ಬೇಕು. ಜಿಂಕೆಗೆ ಬೇಕಾದದ್ದು ಸರಕಾರದ ಎಚ್ಚರ. ಆ ಎಚ್ಚರ ತರಿಸಲು ನಿಮ್ಮಲ್ಲೂ ನಮ್ಮಲ್ಲೂ ಇರುವ ಸಾಧನ ಲೇಖನಿಯೊಂದೇ. ಅದನ್ನು ಕನ್ನಡದಲ್ಲೇ ಹಿಡಿಯೋಣ.