ಪಟ್ಟಾಂಗಕ್ಕೆ ಪುರುಸೊತ್ತಿಲ್ಲದ ಊರುಗಳು

ನಮ್ಮ ಭಾಗದ ಯಾವ ಕನ್ನಡ ಸಂಘದ ಮಹಾಸಭೆಗೆ ಹೋದರೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ಯುವಜನರು ಬರುತ್ತಿಲ್ಲ.' ಹಿರಿಯರ ಈ ಕೊರಗು ಸುಳ್ಳಲ್ಲ. ಮುಂದಿನ ಸಾಲುಗಳಲ್ಲಿ ಬಿಳಿಕೂದಲು, ಹಿಂದಿನ ಸಾಲುಗಳಲ್ಲಿ ಖಾಲಿ ಕುರ್ಚಿ. ಇದನ್ನು ಎಲ್ಲರೂ ನೋಡಿದ್ದೇವೆ. ಆದರೆ ಅದಕ್ಕೆ ಅವರು ಕೊಡುವ ಕಾರಣಗಳು, ಅಂದರೆ ಮೊಬೈಲು, ಇಂಗ್ಲಿಷ್ ಮಾಧ್ಯಮ, ಭಾಷಾಭಿಮಾನದ ಕೊರತೆ ಇತ್ಯಾದಿ, ನನಗೆ ಒಪ್ಪಿಗೆಯಾಗಿಲ್ಲ. ಸಂಘಕ್ಕೆ ಬಾರದ ಈ ತರುಣ ತರುಣಿಯರು ತಮ್ಮ ಸ್ವಂತ ಗೆಳೆಯರ ಮನೆಗಾದರೂ ಹೋಗುತ್ತಿದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ, ಇದು ಕನ್ನಡದ ಸಮಸ್ಯೆಯಾಗುವುದಕ್ಕೆ ಮೊದಲೇ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಸಮಸ್ಯೆಯಾಗಿದೆ ಎಂಬುದು ತಿಳಿಯುತ್ತಿತ್ತು.

ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ವಯಸ್ಸು 32. ಐರೋಲಿಯ ಕಚೇರಿಯೊಂದರಲ್ಲಿ ಕೆಲಸ. ತಿಂಗಳಿಗೆ ಒಂದೆರಡು ಬಾರಿ ಬೆಂಗಳೂರಿಗೋ ಹೈದರಾಬಾದಿಗೋ ಓಡಾಟ. ನನ್ನ ಶಾಲೆಯ ಗೆಳತಿಯರು ಮೂವರು. ಒಂದೇ ರಸ್ತೆಯ ಮೂರು ಕಟ್ಟಡಗಳಲ್ಲಿ ಬೆಳೆದ ನಾವು ಈಗ ಚದುರಿದ್ದೇವೆ: ಒಬ್ಬಳು ಕಲ್ಯಾಣ ಪಶ್ಚಿಮದಲ್ಲಿ, ಒಬ್ಬಳು ಥಾಣೆಯ ಘೋಡಬಂದರ್ ರಸ್ತೆಯಲ್ಲಿ, ಇನ್ನೊಬ್ಬಳು ನೆರೂಲಿನಲ್ಲಿ. ಮದುವೆ ಮತ್ತು ಮನೆಯ ಬೆಲೆ, ಇವೆರಡೇ ಈ ಚದುರುವಿಕೆಯ ಕಾರಣ. ನಕಾಶೆಯಲ್ಲಿ ನೋಡಿದರೆ ನಾಲ್ಕೂ ಊರುಗಳು ಅಂಗೈಯಲ್ಲಿ ಹಿಡಿಯುವಷ್ಟು ಹತ್ತಿರ. ಆದರೂ ನಾಲ್ವರೂ ಒಟ್ಟಿಗೆ ಕೂತು ಊಟ ಮಾಡಲು ಆರು ವಾರಗಳ ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ.

ಏಕೆ ಹೀಗೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ರೈಲಿನ ಹಳಿಯಲ್ಲಿದೆ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ 34 ಕಿಲೋಮೀಟರ್ ದೂರ ಮೊದಲ ಪ್ರಯಾಣಿಕರ ಗಾಡಿ ಓಡಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಅಂದಿನಿಂದ ನಮ್ಮ ಊರುಗಳ ಮುಖವೆಲ್ಲ ಕೋಟೆಯ ಕಡೆಗೆ. ಬೆಳಿಗ್ಗೆ ಎಲ್ಲರೂ ದಕ್ಷಿಣಕ್ಕೆ, ಸಂಜೆ ಎಲ್ಲರೂ ಉತ್ತರಕ್ಕೆ. ಈ ಏಕಮುಖ ಪ್ರವಾಹವನ್ನು ತಡೆಯಲೆಂದೇ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು 1960ರ ದಶಕದಲ್ಲಿ ಖಾಡಿಯಾಚೆ ಹೊಸ ನಗರದ ಕಲ್ಪನೆಯನ್ನು ಮುಂದಿಟ್ಟರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ವಾಶಿಗೆ ರೈಲು ಬಂದದ್ದು 1992ರಲ್ಲಿ, ಥಾಣೆ-ವಾಶಿ ಮಾರ್ಗ ತೆರೆದದ್ದು 2004ರಲ್ಲಿ. ಉದ್ಯೋಗಗಳೂ ಬಂದವು: ಐರೋಲಿ, ಘನ್ಸೋಲಿ, ಮಹಾಪೆಗಳ ಗಾಜಿನ ಕಟ್ಟಡಗಳಲ್ಲಿ ಇಂದು ನನ್ನಂಥ ಸಾವಿರಾರು ಜನ ದುಡಿಯುತ್ತಾರೆ.

ಬಾರದೆ ಉಳಿದದ್ದು ಒಂದು ತುಂಡು ಹಳಿ. ಡೊಂಬಿವಲಿಗೂ ಐರೋಲಿಗೂ ನಡುವೆ ಇರುವುದು ಪಾರ್ಸಿಕ್ ಗುಡ್ಡ ಮಾತ್ರ. ಆದರೆ ಕಲ್ಯಾಣ, ಡೊಂಬಿವಲಿಗಳಿಂದ ಬರುವವರು ಮೊದಲು ಥಾಣೆಗೆ ಹೋಗಬೇಕು, ಅಲ್ಲಿ ಇಳಿದು ಸೇತುವೆ ಹತ್ತಿ, ಇನ್ನೊಂದು ಗಾಡಿ ಹಿಡಿದು, ಬಂದ ದಿಕ್ಕಿಗೇ ತುಸು ಹಿಂದಿರುಗಿದಂತೆ ಸಾಗಬೇಕು. ಕಳವಾದಿಂದ ನೇರವಾಗಿ ಐರೋಲಿಗೆ ಎತ್ತರಿಸಿದ ಮಾರ್ಗವೊಂದು ಮುಂಬಯಿ ನಗರ ಸಾರಿಗೆ ಯೋಜನೆಯ 3ನೆಯ ಹಂತದಲ್ಲಿ, 2016ರಲ್ಲಿಯೇ ಮಂಜೂರಾಗಿತ್ತು. ಅದರ ಅಂಗವಾದ ದಿಘಾ ಗಾಂವ್ ನಿಲ್ದಾಣ 2024ರ ಜನವರಿಯಲ್ಲಿ ತೆರೆದುಕೊಂಡಿತು. ಆದರೆ ದಾರಿಯಲ್ಲಿರುವ ಗುಡಿಸಲುವಾಸಿಗಳ ಪುನರ್ವಸತಿಯ ಪ್ರಶ್ನೆಯಲ್ಲಿ ಹಳಿಯ ಕೆಲಸ ಸಿಕ್ಕಿಕೊಂಡಿತು. ಅವರನ್ನು ದೂರುವುದು ಸುಲಭ. ಅವರಿಗೆ ಕೊಡಬೇಕಾದ ಮನೆಯನ್ನು ಕಾಲಕ್ಕೆ ಸರಿಯಾಗಿ ಕೊಡದವರನ್ನು ದೂರುವುದೇ ನ್ಯಾಯ. ಏನೇ ಇರಲಿ, ಎರಡೂ ಕಡೆಯ ಜನ ಥಾಣೆಯ ಅದೇ ಸೇತುವೆಗಳ ಮೇಲೆ ದಿನವೂ ಒಬ್ಬರನ್ನೊಬ್ಬರು ತಳ್ಳಿಕೊಂಡು ನಡೆಯುತ್ತಾರೆ.

ಇದನ್ನು ಬರಿಯ ಅನುಕೂಲದ ವಿಷಯವೆಂದು ತಿಳಿಯಬಾರದು. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ, ಎದುರುಬದುರಾದ ಎರಡು ಲೋಕಲ್‌ಗಳ ಬಾಗಿಲುಗಳಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಗುಲಿ ಕೆಳಗೆ ಬಿದ್ದರು. ಅಂದೇ ನಾಲ್ವರು ಪ್ರಾಣ ಬಿಟ್ಟರು. ಕೆಲಸಕ್ಕೆ ಹೊರಟಿದ್ದವರು. ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಇರುತ್ತದೆ ಎಂದು ರೈಲ್ವೆ ಆಗ ಪ್ರಕಟಿಸಿತು. ಬಾಗಿಲು ಬೇಕು, ಸಂದೇಹವಿಲ್ಲ. ಆದರೆ ಒಳಗೆ ಜಾಗವಿಲ್ಲದೆ ಹೊರಗೆ ನಿಂತವರನ್ನು ಬಾಗಿಲು ಏನು ಮಾಡೀತು? ಆ ವಾರ ನಮ್ಮ ಗೆಳತಿಯರ ಗುಂಪಿನಲ್ಲಿ ಯಾವ ಯೋಜನೆಯೂ ಇಲ್ಲದೆ ನಾಲ್ವರೂ ಒಬ್ಬರಿಗೊಬ್ಬರು ಫೋನು ಮಾಡಿದೆವು. ಯಾರೂ ಹೆಚ್ಚು ಮಾತಾಡಲಿಲ್ಲ. ಮುಟ್ಟಿದೆಯಾ, ಮನೆ ಸೇರಿದೆಯಾ, ಇಷ್ಟೇ.

ಇನ್ನು ಕಂಪನಿಯ ಖರ್ಚಿನ ಪ್ರವಾಸ. ನೆಂಟರಿಷ್ಟರ ಕಣ್ಣಿಗೆ ಇದು ಭಾಗ್ಯ. 'ನಿನಗೇನಮ್ಮ, ತಿಂಗಳಿಗೊಮ್ಮೆ ವಿಮಾನ' ಎನ್ನುತ್ತಾರೆ. ಬೆಳಗಿನ 6 ಗಂಟೆಯ ವಿಮಾನ ಹಿಡಿಯಲು ಡೊಂಬಿವಲಿಯಿಂದ ನಡುರಾತ್ರಿ 3ಕ್ಕೆ ಟ್ಯಾಕ್ಸಿ ಹತ್ತುವ ಭಾಗ್ಯ ಅದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಹೋಟೆಲಿಗೂ ಕಚೇರಿಗೂ ನಡುವೆ ಎರಡು ದಿನ ಓಡಾಡಿ ಮರಳಿದರೆ ಬೆಂಗಳೂರನ್ನು ನೋಡಿದೆ ಎನ್ನಲಾದೀತೆ? ಬಸವನಗುಡಿಯಲ್ಲಿರುವ ಚಿಕ್ಕಮ್ಮನಿಗೆ ನಾನು ಬಂದದ್ದು ತಿಳಿಯುವುದು ನಾನು ಹಿಂದಿರುಗಿದ ಮೇಲೆ. ಕನ್ನಡನಾಡಿನ ರಾಜಧಾನಿಯಲ್ಲಿ ದಿನವಿಡೀ ಇಂಗ್ಲಿಷಿನಲ್ಲಿ ಸಭೆ ನಡೆಸಿ, ಕನ್ನಡ ಆಡುವುದು ಟ್ಯಾಕ್ಸಿಯವರೊಡನೆ ಮಾತ್ರ. ಅವರಲ್ಲೊಬ್ಬರು ಕನ್ನಡಿಯಲ್ಲಿ ನೋಡುತ್ತ, 'ನಿಮ್ಮ ಕನ್ನಡ ಪುಸ್ತಕದ ಹಾಗಿದೆಯಲ್ಲ ಮೇಡಂ, ಯಾವ ಊರು?' ಎಂದು ಕೇಳಿದರು. ಡೊಂಬಿವಲಿ ಎಂದೆ. ಅದು ಕರ್ನಾಟಕದಲ್ಲಿ ಎಲ್ಲಿ ಬರುತ್ತದೆ ಎಂದರು.

ನಮ್ಮ ತಂದೆಯವರ ಕಾಲದಲ್ಲಿ ಪ್ರಯಾಣಕ್ಕೆ 'ಊರಿಗೆ ಹೋಗುವುದು' ಎಂಬ ಒಂದೇ ಅರ್ಥವಿತ್ತು. ಕಲಬುರಗಿ, ರಾಯಚೂರಿನವರು ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತಿದ್ದರು. ಕೊಂಕಣ ರೈಲ್ವೆ ಪೂರ್ಣಗೊಂಡ 1998ರ ನಂತರ ಕುಂದಾಪುರ, ಉಡುಪಿಯವರು ಥಾಣೆಯಲ್ಲಿ ಮತ್ಸ್ಯಗಂಧಾ ಹತ್ತಿದರು. ಹತ್ತಿದ ಕ್ಷಣವೇ ಡಬ್ಬಿ ಬಿಚ್ಚಿ, ಎದುರು ಸೀಟಿನವರ ಮನೆತನ ವಿಚಾರಿಸಿ, ಬೆಳಗಾಗುವಷ್ಟರಲ್ಲಿ ದೂರದ ಸಂಬಂಧವೊಂದನ್ನು ಹುಡುಕಿ ತೆಗೆಯುತ್ತಿದ್ದರು. ನನ್ನ ವಿಮಾನಯಾನದಲ್ಲಿ ಪಕ್ಕದವರ ಹೆಸರು ಈವರೆಗೆ ನನಗೆ ಗೊತ್ತಾಗಿಲ್ಲ. ಈಗ ನವಿ ಮುಂಬಯಿಯಲ್ಲಿಯೇ ವಿಮಾನ ನಿಲ್ದಾಣವಾಗಿದೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಯೂ ಆಯಿತು. ಟ್ಯಾಕ್ಸಿಗೆ 3 ಗಂಟೆಯ ಬದಲು 4ಕ್ಕೆ ಏಳಬಹುದೇನೋ. ಉಳಿದ ಆ ಒಂದು ಗಂಟೆ ನನಗೆ ಸೇರುತ್ತದೆ ಎಂಬ ನಂಬಿಕೆ ಮಾತ್ರ ನನಗಿಲ್ಲ.

ಹೀಗೆ ಬದುಕುವವರ ಸ್ನೇಹ ಯಾವ ರೂಪ ತಾಳುತ್ತದೆ? 'ಕ್ಯಾಚಪ್' ಎಂಬ ರೂಪ. ಈ ಮಾತಿಗೆ ಕನ್ನಡದಲ್ಲಿ ಸಮಾನಪದವಿಲ್ಲ, ಇಲ್ಲದಿರುವುದೇ ಲೇಸು. ಓಟದಲ್ಲಿ ಮುಂದೆ ಹೋದವರನ್ನು ಹಿಂದೆ ಬಿದ್ದವರು ಹಿಡಿಯುವ ಭಾವ ಅದರಲ್ಲಿದೆ. ನಮ್ಮ ನಾಲ್ವರ ಭೇಟಿಯೂ ಹಾಗೆಯೇ ನಡೆಯುತ್ತಿತ್ತು. ಮೊದಲು ಮೊಬೈಲಿನ ಗುಂಪಿನಲ್ಲಿ ದಿನಾಂಕಕ್ಕೆ ಮತದಾನ. ನಂತರ ಸ್ಥಳ, ಅದು ಎಂದಿಗೂ ಥಾಣೆಯೇ, ಯಾಕೆಂದರೆ ಎಲ್ಲರ ಹಳಿಯೂ ಅಲ್ಲಿ ಕೂಡುತ್ತದೆ. ಮಾಲಿನ ಮೂರನೆಯ ಮಹಡಿಯಲ್ಲಿ ಎರಡು ಗಂಟೆಯ ಮೇಜು. ಅಲ್ಲಿ ಒಬ್ಬೊಬ್ಬರೂ ಸರದಿಯಂತೆ ಕಳೆದ ನಾಲ್ಕು ತಿಂಗಳ ವರದಿ ಒಪ್ಪಿಸುವುದು: ಕೆಲಸ ಬದಲಾಯಿತು, ಅತ್ತೆಗೆ ಶಸ್ತ್ರಚಿಕಿತ್ಸೆಯಾಯಿತು, ಮಗುವಿಗೆ ಶಾಲೆ ಸಿಕ್ಕಿತು. ಕಲ್ಯಾಣದ ಗೆಳತಿಯ ಕಣ್ಣು ಗಡಿಯಾರದ ಮೇಲೆ. ಒಂದು ಫೋಟೋ. ಮುಗಿಯಿತು. ನೆರೂಲಿನವಳ ತಂದೆ ತೀರಿಕೊಂಡು ಮೂರು ತಿಂಗಳಾದ ಮೇಲೆ ನಡೆದ ಇಂಥದೊಂದು ಭೇಟಿಯಲ್ಲಿ ಆ ವಿಷಯಕ್ಕೆ ಸಿಕ್ಕಿದ್ದು ಹತ್ತು ನಿಮಿಷ. ಅವಳು ಏನನ್ನೋ ಹೇಳಲು ಆರಂಭಿಸಿದಾಗ ಬಿಲ್ಲು ಬಂತು.

ನಮ್ಮ ಕರಾವಳಿಯವರಲ್ಲಿ 'ಪಟ್ಟಾಂಗ' ಎಂಬ ಮಾತಿದೆ. ಜಗಲಿಯಲ್ಲಿ, ಅಂಗಡಿಯ ಬೆಂಚಿನಲ್ಲಿ, ಗೊತ್ತುಗುರಿಯಿಲ್ಲದೆ ಹೊಡೆಯುವ ಹರಟೆ. ಪಟ್ಟಾಂಗದಲ್ಲಿ ವರದಿ ಇರುವುದಿಲ್ಲ, ವಿಷಯಸೂಚಿ ಇರುವುದಿಲ್ಲ. ಹೇಳಲೇಬೇಕಾದ ಮಾತು ಮೂರನೆಯ ಗಂಟೆಯಲ್ಲಿ, ಯಾವುದೋ ಮಾವಿನಕಾಯಿಯ ಪ್ರಸ್ತಾಪದ ನಡುವೆ, ತಾನಾಗಿ ಹೊರಗೆ ಬರುತ್ತದೆ. ಆ ಮೂರನೆಯ ಗಂಟೆಯನ್ನೇ ನಮ್ಮ ಊರುಗಳು ನಮ್ಮಿಂದ ಕಸಿದುಕೊಂಡಿವೆ ಎಂಬುದು ನನ್ನ ದೂರು.

ಹಿಂದಿನವರಿಗೆ ಸಮಯ ಹೆಚ್ಚಿತ್ತೆ? ಇರಲಿಲ್ಲ. ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ಹುಡುಗರಿಗೆ ನಮ್ಮ ಅರ್ಧದಷ್ಟೂ ಬಿಡುವಿರಲಿಲ್ಲ. ಆದರೆ ಕೆಲಸ, ಕೋಣೆ, ಶಾಲೆ, ಸಂಘ ಎಲ್ಲವೂ ಕೋಟೆಯಲ್ಲೋ ಮಾಟುಂಗದಲ್ಲೋ ನಡೆದು ಹೋಗುವಷ್ಟು ದೂರದಲ್ಲಿದ್ದವು. ಆ ಮೇಲೆ ಉಪನಗರಗಳಿಗೆ ಬಂದವರಿಗೆ ಲೋಕಲ್ ಗಾಡಿಯೇ ಜಗಲಿಯಾಯಿತು: ದಿನವೂ ಅದೇ ಗಾಡಿ, ಅದೇ ಡಬ್ಬಿ, ಅದೇ ಮುಖಗಳು. ಭಜನೆ, ಇಸ್ಪೀಟು, ಹೆಂಗಸರ ಡಬ್ಬಿಯಲ್ಲಿ ಸಂಜೆಯ ಸೊಪ್ಪು ಸೋಸುವುದು, ಅರಿಸಿನ-ಕುಂಕುಮ, ದಸರೆಗೆ ಡಬ್ಬಿಗೆ ತೋರಣ. ಇದನ್ನು ಸ್ವರ್ಗವೆಂದು ವರ್ಣಿಸಲು ನಾನು ತಯಾರಿಲ್ಲ. ಗುಂಪಿನವರು ಜಾಗ ಹಿಡಿದಿಟ್ಟು ಹೊಸಬರನ್ನು ಗದರಿಸುತ್ತಿದ್ದುದನ್ನೂ ಕಂಡಿದ್ದೇನೆ. ಆದರೆ ಆ ಸ್ನೇಹಕ್ಕೆ ಪ್ರತ್ಯೇಕ ಸಮಯ ಬೇಕಿರಲಿಲ್ಲ. ನಮ್ಮದು ವಾರಕ್ಕೆ ಮೂರು ದಿನ ಕಚೇರಿ, ಅದೂ ಬೇರೆ ಬೇರೆ ಹೊತ್ತಿಗೆ. ಅದೇ ಗಾಡಿ ಎಂಬುದೇ ಇಲ್ಲ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡೆವೆಂದು ಬೈಯುವವರು ಇದನ್ನೂ ಗಮನಿಸಬೇಕು.

ಡೊಂಬಿವಲಿಯಲ್ಲಿ ಒಂದು ಮುಂಜಾನೆ ಮಾತ್ರ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ. ದೀಪಾವಳಿಯ ಬೆಳಿಗ್ಗೆ ಫಡ್ಕೆ ರಸ್ತೆಗೆ, ಗಣೇಶ ಮಂದಿರದ ಸುತ್ತಮುತ್ತ, ಊರಿನ ತರುಣರೆಲ್ಲ ಹೊಸಬಟ್ಟೆ ತೊಟ್ಟು ಬಂದು ನಿಲ್ಲುತ್ತಾರೆ. ಆಮಂತ್ರಣವಿಲ್ಲ, ಮತದಾನವಿಲ್ಲ. ಊರು ಬಿಟ್ಟು ಹೋದವರೂ ಅಂದು ಅಲ್ಲಿ ಸಿಗುತ್ತಾರೆ, ಯಾಕೆಂದರೆ ಅಲ್ಲಿ ಸಿಗುತ್ತಾರೆಂಬುದು ಎಲ್ಲರಿಗೂ ಗೊತ್ತು. ದಿನ ನಿಶ್ಚಿತ, ಜಾಗ ನಿಶ್ಚಿತ, ಬಂದವರು ಬಂದರು.

ನಮ್ಮ ಸಂಘಗಳು ಕಲಿಯಬೇಕಾದದ್ದು ಇದನ್ನೇ ಎಂದು ನನಗನ್ನಿಸುತ್ತದೆ. ಡೊಂಬಿವಲಿ, ಕಲ್ಯಾಣ, ಥಾಣೆ, ನೆರೂಲ್, ವಾಶಿ, ಎಲ್ಲೆಡೆ ನಮಗೆ ಸಂಘಗಳಿವೆ. ಹಿರಿಯರು ಬೆವರು ಸುರಿಸಿ ಕಟ್ಟಿದ್ದು. ಆದರೆ ಅಲ್ಲಿಗೆ ಗಾಡಿ ಇಳಿದು ಏಳೂವರೆಗೆ ಓಡಿ ಬಂದ ಹುಡುಗಿಗೆ ಸಿಗುವುದೇನು? ದೀಪ ಬೆಳಗುವುದು, ಸ್ವಾಗತ, ಪ್ರಸ್ತಾವನೆ, ವೇದಿಕೆಯ ಮೇಲಿನ ಹನ್ನೊಂದು ಮಂದಿಗೆ ಶಾಲು, ಸ್ಮರಣಿಕೆ, ಹನ್ನೊಂದು ಮಂದಿಯ 'ಎರಡು ಮಾತು'. ಉಪನ್ಯಾಸಕರು ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ಅವಳ ಗಾಡಿಯ ಹೊತ್ತು. ಇದಕ್ಕೆ ಬದಲು ತಿಂಗಳಿಗೆ ಒಂದು ನಿಶ್ಚಿತ ಸಂಜೆ ಸಭಾಂಗಣದ ಬಾಗಿಲು ತೆರೆದಿಟ್ಟು, ಕುರ್ಚಿಗಳನ್ನು ವೃತ್ತದಲ್ಲಿಟ್ಟು, ಚಹಾ ಕಾಯಿಸಿದರೆ ಸಾಕು. ವೇದಿಕೆ ಬೇಡ, ಅತಿಥಿ ಬೇಡ. ಬಯಸಿದವರು ಒಂದು ಕತೆ ಓದಲಿ. ಯಶವಂತ ಚಿತ್ತಾಲರ 'ಶಿಕಾರಿ' ಹೊರಬಂದದ್ದು 1979ರಲ್ಲಿ. ಕಂಪನಿಯ ಒಳಜಗತ್ತಿನಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನ ಆ ಕಾದಂಬರಿಯನ್ನು ಐರೋಲಿಯಲ್ಲಿ ದುಡಿಯುವವರ ನಡುವೆ ಇಟ್ಟರೆ ಮಾತಿಗೆ ಬರವಿರುವುದಿಲ್ಲ.

ಶಾಲು ಇಲ್ಲದಿದ್ದರೆ ದಾನಿಗಳು ಬರುವುದಿಲ್ಲ ಎಂದು ಹಿರಿಯರೊಬ್ಬರು ನನಗೆ ಹೇಳಿದರು. ನಿಜವಿರಬಹುದು. ಹಾಗಾದರೆ ಶಾಲಿನ ಕಾರ್ಯಕ್ರಮವೂ ವರ್ಷಕ್ಕೊಮ್ಮೆ ಇರಲಿ; ಅದಕ್ಕೆ ನಾವು ಬರಲಿಲ್ಲವೆಂದು ಬೇಸರಿಸಬಾರದಷ್ಟೆ.

ನಾವು ನಾಲ್ವರು ಮಾಲಿನ ಮೇಜನ್ನು ಬಿಟ್ಟು ಈಗ ಐದು ತಿಂಗಳಾಯಿತು. ಪ್ರತಿ ಎರಡನೆಯ ಶನಿವಾರ ಸಂಜೆ 5ಕ್ಕೆ ಥಾಣೆಯ ಮಾಸುಂದಾ ಕೆರೆಯ ದಂಡೆಯಲ್ಲಿ, ತಲಾವ್ ಪಾಳಿ ಎಂದು ಎಲ್ಲರೂ ಕರೆಯುವಲ್ಲಿ, ಸೇರುವುದು. ಯಾರೂ ಯಾರಿಗೂ ನೆನಪಿಸುವುದಿಲ್ಲ, ಬಾರದವರು ಕ್ಷಮೆ ಕೇಳಬೇಕಾಗಿಲ್ಲ. ಒಮ್ಮೆ ಇಬ್ಬರೇ ಇದ್ದೆವು. ಅಂದು ನೆರೂಲಿನವಳು ತನ್ನ ತಂದೆಯ ಕೊನೆಯ ದಿನಗಳ ಬಗ್ಗೆ ರಾತ್ರಿ 9ರವರೆಗೆ ಹೇಳಿದಳು. ಮುಂದಿನ ಎರಡನೆಯ ಶನಿವಾರ ನಾನು ಹೈದರಾಬಾದಿನಲ್ಲಿರುತ್ತೇನೆ; ಉಳಿದವರು ಅಲ್ಲಿರುತ್ತಾರೆ.